ಓಸ್ತಪ್ಪನ ವ್ಯುತ್ಪತ್ತಿ

ಡಚ್ಚರ ಈ ದೇಶದಲ್ಲಿ ಹುಟ್ಟುಹಬ್ಬದ ಕ್ಯಾಲೆಂಡರನ್ನು ಪಾಯಖಾನೆಯಲ್ಲಿ ತೂಗುಹಾಕುತ್ತಾರೆ. ದೂರುವ ದನಿಯಲ್ಲಿ ಹೇಳುತ್ತಿಲ್ಲ. ಮನುಷ್ಯನಾದವನು ತನ್ನ ಬಂಧುಬಳಗವನ್ನು ನಿಶ್ಚಿಂತೆಯಿಂದ ನೆನೆಯಲು ಅಂಥ ಏಕಾಂತ ಬೇರೆಲ್ಲಿ ಸಿಕ್ಕೀತು, ನೀವೇ ಹೇಳಿ. ರೈಸ್‌ವೈಕ್‌ನ ನಮ್ಮ ಮನೆಯಲ್ಲೂ ಒಂದಿದೆ. ವಾರಗಳಿಲ್ಲದ, ಆದ್ದರಿಂದ ಎಂದೂ ಹಳತಾಗದ ಕ್ಯಾಲೆಂಡರು. ತಿಂಗಳಿಗೊಂದು ಹಾಳೆ, ತಾರೀಖಿಗೊಂದು ಗೆರೆ. ಮೊನ್ನೆ ಗೋಡೆಗೆ ಬಣ್ಣ ಬಳಿಯಲೆಂದು ಅದನ್ನು ಇಳಿಸಿದಾಗ ಸೆಪ್ಟೆಂಬರ್ ಹಾಳೆ ತೆರೆದುಕೊಂಡಿತು. ಅಲ್ಲಿ ನನ್ನ ಹೆಂಡತಿ ವನಜಾಳ ದುಂಡು ಅಕ್ಷರದಲ್ಲಿ 'ಓಸ್ತಪ್ಪ' ಎಂದಿತ್ತು. ನಾನು ಕುಂಚ ಹಿಡಿದುಕೊಂಡೇ ಕೂತೆ. ಎಲ್ಲಿ ಕೂತೆ ಎಂಬುದನ್ನು ವಿವರಿಸುವ ಅಗತ್ಯವಿಲ್ಲ.

ಓಸ್ತಪ್ಪ ಎಂದರೆ ನಿಮ್ಮ ಕಣ್ಣಿಗೆ ಯಾರು ಬರುತ್ತಾರೆಂದು ನನಗೆ ಗೊತ್ತು. ಗದುಗಿನ ಪೇಟೆಯಲ್ಲಿ ಬೆಳ್ಳುಳ್ಳಿ ದಲಾಲಿ ಮಾಡುವ, ಬಿಳಿ ಟೋಪಿಯ, ತುಸು ಹೊಟ್ಟೆಯ ಗೃಹಸ್ಥರು. ನನ್ನ ಅವ್ವನ ಕಣ್ಣಿಗೂ ಅವರೇ ಬಂದರು. ಅಲ್ಲಿಂದಲೇ ಎಲ್ಲ ಶುರುವಾದದ್ದು.

ಹೆಸರಿನ ವಿಷಯದಲ್ಲಿ ನಾನು ಸ್ವಲ್ಪ ಬಿಗಿ ಮನುಷ್ಯ. ಕಾರಣವಿದೆ. ನನ್ನ ಹೆಸರು ನೀಲಕಂಠ. ನಾನಿಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಲಧಿಕಾರಿ, "ಇಷ್ಟುದ್ದ ಯಾಕೆ, ನೇಲ್ ಎನ್ನೋಣ" ಎಂದು ತೀರ್ಮಾನಿಸಿದರು. ಡಚ್ಚರಿಗೆ ದಾಖಲೆಗೊಂದು ಹೆಸರು, ಕರೆಯಲು ಇನ್ನೊಂದು ಗಿಡ್ಡ ಹೆಸರು ಇರಲೇಬೇಕು. ವಿಷ ಕುಡಿದು ಜಗತ್ತನ್ನು ಉಳಿಸಿದ ದೇವರು ಹೀಗೆ ಒಂದು ಕ್ಷಣದಲ್ಲಿ ಕಂಠ ಕಳೆದುಕೊಂಡ. ಅದನ್ನೂ ಸಹಿಸಿದ್ದೆ. ಆದರೆ ನೇಲ್ ಎಂಬುದು ಇಲ್ಲಿಯ ಅಜ್ಜಿಯರಿಗೆ ಇಡುವ ಹೆಸರೆಂದು, ಚಪ್ಪಲಿ ಅಂಗಡಿಯೊಂದು 'ಮೆಫ್ರೌ ನೇಲ್', ಅಂದರೆ ಶ್ರೀಮತಿ ನೇಲ್ ಅವರ ಹುಟ್ಟುಹಬ್ಬಕ್ಕೆ ಹಿಮ್ಮಡಿ ಎತ್ತರದ ಪಾದರಕ್ಷೆಯ ರಿಯಾಯಿತಿ ಚೀಟಿ ಕಳಿಸಿದಾಗ ತಿಳಿಯಿತು. ಕನ್ನಡದಲ್ಲಿ ನೇಲುವುದೆಂದರೆ ಜೋತಾಡುವುದು. ಹೀಗೆ ಎರಡು ಭಾಷೆಗಳ ನಡುವೆ ಅಜ್ಜಿಯಾಗಿ ಜೋತಾಡುತ್ತ ಕಾಲ ಕಳೆದವನು, ನನ್ನ ಮನೆಗೆ ಬರುವ ಯಾವ ಹೆಸರನ್ನೂ ಅದರ ಹುಟ್ಟೂರು ವಿಚಾರಿಸದೆ ಒಳಗೆ ಬಿಡುವುದಿಲ್ಲವೆಂದು ಪಣ ತೊಟ್ಟಿದ್ದರೆ ತಪ್ಪೇನು?

ಮಗಳು ಸ್ಮಿತಾ ಬೆಸ್ಟ್ ಎಂಬ ಊರಿನಲ್ಲಿದ್ದಾಳೆ. ಒಂದು ಭಾನುವಾರ ರೈಲಿನಲ್ಲಿ ಬಂದವಳು ಕೋಟು ಬಿಚ್ಚುವ ಮೊದಲೇ ವಿಷಯ ಬಿಚ್ಚಿದಳು. ಗ್ರೋನಿಂಗನ್‌ನಲ್ಲಿ ಓದುವಾಗಿನಿಂದ ಪರಿಚಯ. ಈಗ ಇಬ್ಬರೂ ಒಂದೇ ಊರಿನಲ್ಲಿ ಎಂಜಿನಿಯರುಗಳು. ಉಕ್ರೇನಿನವನು. ಒಳ್ಳೆಯವನು. ಹೆಸರು ಓಸ್ತಾಪ್.

"ಎಂತದು? ಬಸ್‌ಸ್ಟಾಪಾ?" ಎಂದಳು ವನಜಾ. ಅವಳದು ಉಡುಪಿ.

"ಅಮ್ಮಾ, ನಾನು ಸೀರಿಯಸ್ಸಾಗಿ ಹೇಳ್ತಿದ್ದೀನಿ."

"ನಾನೂ ಸೀರಿಯಸ್ಸೇ ಮಾರಾಯ್ತಿ. ಊರಲ್ಲಿ ಯಾರಾದ್ರೂ ಕೇಳಿದ್ರೆ ಬಾಯಲ್ಲಿ ಬರ್ಬೇಕಲ್ಲ!"

ನಾನು ಕನ್ನಡಕ ತೆಗೆದು ಒರೆಸಿದೆ. ಮನೆಯ ಯಜಮಾನ ಗಂಭೀರ ಪ್ರಶ್ನೆ ಕೇಳುವ ಮೊದಲು ಹಾಗೆ ಮಾಡಬೇಕು. "ಆ ಹೆಸರಿನ ಅರ್ಥವೇನು?"

"ಅರ್ಥ ಗೊತ್ತಿಲ್ಲ ಅಪ್ಪಾ. ಹೆಸರು, ಅಷ್ಟೇ."

"ಅರ್ಥ ಗೊತ್ತಿಲ್ಲದ ಹೆಸರಿಗೆ ನಾನು ಮಗಳನ್ನು ಕೊಡುವುದಿಲ್ಲ."

"ಕೊಡೋಕೆ ನಾನೇನು ಪಾರ್ಸೆಲ್ಲಾ? ಮನೇಲಿ ಯಾರೂ ಇಲ್ಲಾಂದ್ರೆ ಪಕ್ಕದ್ಮನೇಲಿ ಬಿಟ್ಟು ಹೋಗೋಕೆ?" ಎಂದಳು. ಆಮೇಲೆ ದನಿ ತಗ್ಗಿಸಿದಳು. "ನಿಮ್ಮಿಬ್ಬರದು ನನಗೆ ಟೆನ್ಶನ್ ಇಲ್ಲ. ಆಯಿ ಒಪ್ಪಬೇಕು. ಆಯಿ ಬಂದು ಅಕ್ಕಿಕಾಳು ಹಾಕದೆ ನಾನು ಖೆಮೇಂತೆಗೆ ಹೋಗಿ ಸೈನ್ ಮಾಡಲ್ಲ. ಹಾಗಂತ ಅವನನ್ನ ಬಿಡೋದೂ ಇಲ್ಲ. ಕಾಯ್ತೀವಿ."

ಆಯಿ ಎಂದರೆ ನನ್ನ ಅವ್ವ. ಗದುಗಿನಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಾಳೆ. ಇದ್ದಾಳೆ ಅನ್ನುವುದಕ್ಕಿಂತ ಆಳುತ್ತಿದ್ದಾಳೆ ಎನ್ನುವುದು ಸರಿ. ಸ್ಮಿತಾಳ ಬೇಸಿಗೆಗಳೆಲ್ಲ ಅವ್ವನ ಸೆರಗಿನಲ್ಲೇ ಕಳೆದಿವೆ. ಖೆಮೇಂತೆ ಎಂದರೆ ಇಲ್ಲಿಯ ಪುರಸಭೆ. ಮದುವೆ ಆಗುವುದು ಅಲ್ಲಿ. ಪುರಸಭೆ ಒಪ್ಪಿದರೆ ಕಾನೂನು ಒಪ್ಪಿದಂತೆ, ಅವ್ವ ಒಪ್ಪಿದರೆ ಮದುವೆ ಆದಂತೆ. ಈ ವ್ಯತ್ಯಾಸ ಇಲ್ಲೇ ಹುಟ್ಟಿ ಬೆಳೆದ ಹುಡುಗಿಗೂ ಗೊತ್ತಿತ್ತೆಂಬುದಕ್ಕೆ ಒಳಗೊಳಗೇ ಹೆಮ್ಮೆಪಟ್ಟೆ. ಹೊರಗೆ ಕನ್ನಡಕ ಒರೆಸುತ್ತಲೇ ಇದ್ದೆ.

ಅವ್ವನಿಗೆ ಆಗಲೇ ಫೋನು ಹಚ್ಚಿದೆವು. ಸ್ಪೀಕರಿನಲ್ಲಿಟ್ಟು ಮೂವರೂ ಮೇಜಿನ ಸುತ್ತ ಉಸಿರು ಹಿಡಿದು ಕೂತೆವು.

"ಆಯಿ, ನಾನೊಬ್ಬ ಹುಡುಗನ್ನ ನೋಡಿದ್ದೀನಿ."

"ನೀನಽ ನೋಡಿದ್ಯಾ? ಛಲೋ ಆತು ತಗೋ, ನಮಗ ತಿರುಗೂದು ತಪ್ಪಿತು. ಏನವಾ ಹೆಸರು?"

"ಓಸ್ತಾಪ್."

"ಓಸ್ತಪ್ಪ!" ಅವ್ವನ ದನಿ ಅರಳಿತು. "ಈಗಿನ ಹುಡುಗರು ಹೆಸರಿನ ಮುಂದ ಅಪ್ಪ ಅಂತ ಇಟ್ಕೊಳ್ಳಾಕ ನಾಚತಾವು. ಇಂವ ಇಟ್ಕೊಂಡಾನಲ್ಲ, ಮನಿತನಸ್ಥ ಇರಬೇಕು. ಯಾ ಊರು?"

"ಪೋಲ್ತಾವಾ, ಆಯಿ."

"ಹೊಳತಾವ... ಹೊಳತಾವ... ಮುಂಡರಗಿ ಹಂತ್ಯಾಕ ಬರತೈತೇನು?"

"ಅಲ್ಲ ಆಯಿ, ಉಕ್ರೇನ್! ಉಕ್ರೇನ್!"

"ಉಕ್ಕಾಕತ್ತೇತೇನು? ಅಯ್ಯ ಹುಚ್ಚಿ, ಹಾಲಿಟ್ಟು ಫೋನಿನ್ಯಾಗ ನಿಂತೀ? ಹೋಗು, ಮೊದಲ ಒಲಿ ಆರಸು!"

ಫೋನು ಕಟ್ಟಾಯಿತು. ನಮ್ಮ ಅಡುಗೆಮನೆಯಲ್ಲಿ ಯಾವ ಹಾಲೂ ಇರಲಿಲ್ಲ. ಆದರೂ ವನಜಾ ಎದ್ದು ಹೋಗಿ ಒಮ್ಮೆ ಒಲೆ ನೋಡಿ ಬಂದಳು. ಅವ್ವನ ಮಾತಿಗೆ ಅಷ್ಟು ಬಲ.

ಸಂಜೆಯೊಳಗೆ ಅವ್ವ ಓಣಿಗೆಲ್ಲ ಪೇಢೆ ಹಂಚಿಯಾಗಿತ್ತು. ಅಣ್ಣ ಫೋನು ಮಾಡಿ, "ನೀಲ್ಯಾ, ಓಸ್ತಪ್ಪನ ಅಡ್ಡಹೆಸರೇನು? ಅವ್ವ ಕೇಳಾಕತ್ತಾಳ" ಎಂದ. ನಾನು ನಿಜ ಹೇಳಿದೆ. ಅಣ್ಣ, "ನಾ ಹೇಳೂದಿಲ್ಲಪಾ. ನೀ ದೂರ ಇದ್ದೀ, ನೀನಽ ಹೇಳು. ನಾ ಈಕಿ ಕೂಡ ದಿನಾ ಉಣಬೇಕು" ಎಂದು ಇಟ್ಟುಬಿಟ್ಟ.

ಮರುದಿನ ನಾನೇ ಧೈರ್ಯ ತಂದುಕೊಂಡು ಸುತ್ತುಬಳಸಿ ಶುರುಮಾಡಿದೆ. "ಅವ್ವ, ಹುಡುಗ ಭಾಳ ಬೆಳ್ಳಗದಾನ."

"ಇರಲಿ ಬಿಡು. ನೀನೂ ಹುಟ್ಟಿದಾಗ ಬೆಳ್ಳಗಽ ಇದ್ದಿ. ಬಿಸಲಿಗೆ ಬಂದ್ರ ಸರಿಹೋಗತಾನ."

ಇದಾದ ಮೇಲೆ ಸ್ಮಿತಾ ನನ್ನನ್ನು ರಾಯಭಾರದಿಂದ ವಜಾ ಮಾಡಿದಳು. ಜೂನ್‌ನಲ್ಲಿ ಅವ್ವ ಹೇಗೂ ಬರುವವಳಿದ್ದಳು. ಎದುರಿಗೆ ಕೂರಿಸಿಕೊಂಡು ತಾನೇ ಹೇಳುವುದಾಗಿ ಕಟ್ಟಪ್ಪಣೆ ಮಾಡಿದಳು. ನನಗೆ ಉಳಿದದ್ದು ಒಂದೇ ಕೆಲಸ: ಆ ಹೆಸರಿನ ಪರವಾಗಿ ವಕಾಲತ್ತು. ಅವ್ವ ಜಾತಿ ಕೇಳಲಿ, ಕುಲ ಕೇಳಲಿ, ಕಡೆಗೆ ಹೆಸರಿಗೆ ಬಂದೇ ಬರುತ್ತಾಳೆ. ಆಗ ಹೆಸರು ತಲೆಯೆತ್ತಿ ನಿಲ್ಲಬೇಕು. ಓಸ್ತಾಪನ ವ್ಯುತ್ಪತ್ತಿಯನ್ನು ಕಂಡೇ ತೀರುವೆನೆಂದು ನಿಶ್ಚಯಿಸಿ ರಾತ್ರಿಯ ಊಟಕ್ಕೆ ಮೊದಲೇ ಕೆಲಸಕ್ಕೆ ಕೂತೆ.

ದಾರಿ ಸುಗಮವಾಗಿರಲಿಲ್ಲ. ಮೊದಲಿಗೆ ಈ ದೇಶವೇ ಅಡ್ಡಬಂತು. ಪಕ್ಕದ ಮನೆಯ ಮುದುಕಿಗೆ ಭಾವೀ ಅಳಿಯನ ಹೆಸರು ಹೇಳಿದರೆ ಅವರು ಗಾಬರಿಯಾಗಿ ತಮ್ಮ ಕಾಲಬುಡ ನೋಡಿಕೊಂಡರು. ಡಚ್ಚಿನಲ್ಲಿ 'ಓಪ್‌ಸ್ಟಾಪ್' ಎಂದರೆ ಹತ್ತುವ ಮೆಟ್ಟಿಲು. ಅಂಗಡಿ ಬಾಗಿಲುಗಳಲ್ಲಿ ಎಡವೀರಿ ಜೋಕೆ ಎಂದು ಬರೆದಿರುತ್ತಾರೆ. ಇರಲಿ. ಎಡವುವುದನ್ನು ಬಿಟ್ಟು ಮೂಲ ಹುಡುಕಿದೆ. ಹೆಸರು ಉಕ್ರೇನಿನಲ್ಲಿ ಹುಟ್ಟಿದ್ದಲ್ಲ, ಅಲ್ಲಿ ಬೆಳೆದದ್ದು. ತವರು ಗ್ರೀಸ್. ಅಲ್ಲಿ 'ಎವುಸ್ತಾಥಿಯೋಸ್' ಎಂಬ ಘನವಾದ ಹೆಸರು, ಸಂತರಿಗೆ ಇಡುವಂಥದ್ದು. ಚರ್ಚಿನ ಪಾದ್ರಿಗಳ ಜೊತೆ ಅದು ಉತ್ತರಕ್ಕೆ ನಡೆದು 'ಯೆವ್‌ಸ್ತಾಫಿಯ್' ಆಯಿತು. ಅಲ್ಲಿಂದ ಹಳ್ಳಿಯವರ ಬಾಯಿಗೆ ಬಿತ್ತು. ಅವರಿಗೆ 'ಫ' ಹೊರಳುತ್ತಿರಲಿಲ್ಲವಂತೆ. ಫಿಲಿಪ್ಪನನ್ನು ಪಿಲಿಪ್ ಎಂದರು, ಸ್ಟೆಫಾನನನ್ನು ಸ್ತೆಪಾನ್ ಎಂದರು, ಯೆವ್‌ಸ್ತಾಫಿಯನ್ನು ಹಿಂದೆ ಮುಂದೆ ಕತ್ತರಿಸಿ ಓಸ್ತಾಪ್ ಎಂದರು. ಕಾಫಿಯನ್ನು ಕಾಪಿ, ಆಫೀಸನ್ನು ಆಪೀಸು ಮಾಡಿದ ನಾಡಿನಿಂದ ಬಂದ ನಾನು ಈ ಜಾಗಕ್ಕೆ ಬಂದಾಗ ಮೇಜು ಗುದ್ದಿದೆ. ಇವರು ನಮ್ಮವರೇ!

ವನಜಾಳಿಗೆ ಓಡಿಹೋಗಿ ಹೇಳಿದೆ. "ಪಿಲಿಪ್ಪಾ?" ಎಂದು ಅವಳು ಸೌಟು ಕೆಳಗಿಟ್ಟು ನಕ್ಕಳು. ತುಳುವಿನಲ್ಲಿ ಪಿಲಿ ಎಂದರೆ ಹುಲಿ. "ಒಂದು ಪಿಲಿಪ್ಪನ್ನಾದ್ರೂ ತರ್ಬಹುದಿತ್ತು ನಿಮ್ಮ ಮಗಳು. ಅಷ್ಟಮಿಗೆ ಹುಲಿವೇಷ ಹಾಕಿಸ್ಬಹುದಿತ್ತು."

ಇನ್ನು ಅರ್ಥ. ಗ್ರೀಕಿನ 'ಎವು' ನಮ್ಮ 'ಸು'. 'ಸ್ತಾಥ್' ಎಂಬುದರಲ್ಲಿರುವುದು ನಮ್ಮ 'ಸ್ಥಾ', ನಿಲ್ಲು. ಸುಸ್ಥಿತ. ಚೆನ್ನಾಗಿ ನಿಂತವನು, ಅಲುಗದವನು, ಗಟ್ಟಿಗ. ಸ್ಥಿರ, ಸ್ಥಾನ, ಸ್ಥಾವರಗಳ ದಾಯಾದಿ. ಇಂಥ ಕುಲೀನ ಹೆಸರನ್ನು ಬಸ್‌ಸ್ಟಾಪೆಂದು ಹಾಸ್ಯ ಮಾಡಿದೆವಲ್ಲ ಎಂದು ನಾಚಿಕೆಯಾಯಿತು. ಆ ಶನಿವಾರವೇ ಬೆಸ್ಟ್‌ಗೆ ಹೋಗಿ, ಹೆಸರಿನ ಮಾಲೀಕನಿಗೆ ಅವನ ಆಸ್ತಿಯ ವಿವರ ಒಪ್ಪಿಸಲು ಹೊರಟೆ.

ಬಾಗಿಲು ತೆರೆದ ಸುಸ್ಥಿತ ಎರಡು ಊರುಗೋಲುಗಳ ಮೇಲಿದ್ದ. ಫುಟ್‌ಬಾಲ್ ಆಡುತ್ತ ತಮ್ಮದೇ ಗೋಲ್‌ಕೀಪರಿಗೆ ಡಿಕ್ಕಿ ಹೊಡೆದು ಕಣಕಾಲು ಮುರಿದುಕೊಂಡಿದ್ದನಂತೆ. ಒಂದು ಕಾಲಿಗೆ ಮೊಣಕಾಲತನಕ ಪಟ್ಟಿ. ನಾನು ಅವನ ಹೆಸರಿನ ಅರ್ಥವನ್ನು ಗ್ರೀಸಿನಿಂದ ಹಿಡಿದು ವಿವರಿಸುತ್ತಿದ್ದಷ್ಟು ಹೊತ್ತೂ ಅವನು ಬಾಗಿಲಲ್ಲೇ ಒಂದು ಕಾಲಿನಲ್ಲಿ ನಿಂತು ಕೇಳಿದ. ಹಿರಿಯರು ನಿಂತಿರುವಾಗ ಕೂರುವುದು ಅವರ ಕಡೆಯೂ ಸರಿಯಲ್ಲವಂತೆ.

"ಗಟ್ಟಿಯಾಗಿ ನಿಂತವನು," ಎಂದು ಮುಗಿಸಿದೆ.

ಓಸ್ತಾಪ್ ತನ್ನ ಕಾಲನ್ನು ನೋಡಿಕೊಂಡ. "ನಮ್ಮ ಗೋಲ್‌ಕೀಪರಿಗೂ ಇದನ್ನು ಒಮ್ಮೆ ಹೇಳುತ್ತೀರಾ?" ಎಂದ, ಮುಖದಲ್ಲಿ ಗೆರೆಯೂ ಅಲುಗದೆ. ಹುಡುಗ ಆ ಗಳಿಗೆಯಲ್ಲಿ ನನಗೆ ಹಿಡಿಸಿದ. ಆಮೇಲೆ ಒಳಗೆ ಕೂತಾಗ ತಾನಾಗಿ ಹೇಳಿದ: ಅದು ಅವನ ಅಜ್ಜನ ಹೆಸರು. ಅಪ್ಪ ಪೋಲ್ತಾವಾದಲ್ಲಿದ್ದಾರೆ. ಅರವತ್ತು ದಾಟದ ಗಂಡಸರು ಯುದ್ಧ ಮುಗಿಯುವ ತನಕ ದೇಶ ಬಿಡುವ ಹಾಗಿಲ್ಲ. ಅಮ್ಮ ಅಪ್ಪನನ್ನು ಬಿಟ್ಟು ಬರುವುದಿಲ್ಲ. "ಮದುವೆಯ ದಿನ ನನ್ನ ಕಡೆ ಹಿರಿಯರೆಂದು ಯಾರೂ ಇರುವುದಿಲ್ಲ," ಎಂದ. "ಸ್ಮಿತಾಳ ಅಜ್ಜಿ ಬರಲೇಬೇಕು. ಅವಳಿಗಾಗಿ ಮಾತ್ರ ಅಲ್ಲ, ನನಗಾಗಿಯೂ." ರೈಲಿನಲ್ಲಿ ವಾಪಸಾಗುವಾಗ ನನಗೆ ವ್ಯುತ್ಪತ್ತಿ ಸಾಲದೆನ್ನಿಸಿತು. ಆದರೆ ನನ್ನ ಬತ್ತಳಿಕೆಯಲ್ಲಿದ್ದದ್ದು ಅದೊಂದೇ.

ಜೂನ್ ಬಂತು, ಅವ್ವನೂ ಬಂದಳು. ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ತಳ್ಳಿಸಿಕೊಂಡು, ತೊಡೆಯ ಮೇಲೆ ಖಡಕ್ ರೊಟ್ಟಿಯ ಗಂಟಿಟ್ಟುಕೊಂಡು, ಮೆರವಣಿಗೆಯ ದೇವರಂತೆ ಹೊರಬಂದಳು. ನಮ್ಮ ಪಕ್ಕ ಊರುಗೋಲಿನ ಓಸ್ತಾಪ್. ಅವ್ವ ಮೊಮ್ಮಗಳ ಕೆನ್ನೆ ಸವರಿದಳು. ನನ್ನನ್ನು ನೋಡಿ, "ಸೊರಗೀದಿ" ಎಂದಳು. ಆಮೇಲೆ ಅವನತ್ತ ತಿರುಗಿ, "ಯಾರಪಾ ಪಾಪ ಈ ಹುಡುಗ? ನಿನ್ನ ಆಪೀಸಿನಂವೇನು?" ಎನ್ನುತ್ತ ಕುರ್ಚಿಯಿಂದ ಎದ್ದೇಬಿಟ್ಟಳು. "ಏ, ಇದರಾಗ ಅವನ್ನ ಕುಂದ್ರಸ್ರೋ. ನನಗೇನಾಗೈತಿ ಧಾಡಿ!"

ಓಸ್ತಾಪ್ ಒಲ್ಲೆನೆಂದು ತಲೆಯಾಡಿಸಿದ. ಅವ್ವ ಕೂರಲೇಬೇಕೆಂದಳು. ಅವನು ಡಚ್ಚಿನಲ್ಲಿ ಬೇಡವೆಂದ, ಇವಳು ಕನ್ನಡದಲ್ಲಿ ಹೂಂ ಅಂದಳು. ಕಡೆಗೆ ಇಬ್ಬರೂ ಕೂರಲಿಲ್ಲ. ಗಾಲಿಕುರ್ಚಿಯಲ್ಲಿ ರೊಟ್ಟಿಯ ಗಂಟೊಂದೇ ಆಸೀನವಾಗಿ, ಹಿಂದೆ ಒಬ್ಬ ಕುಂಟ, ಒಬ್ಬ ಮುದುಕಿ ನಡೆಯುತ್ತ, ನಾವು ಕಾರಿನ ತನಕ ಹೋದೆವು.

ಮನೆ ಸೇರಿ ಕೈಕಾಲು ತೊಳೆದು ಕೂತಮೇಲೆ ಸ್ಮಿತಾ ಅವ್ವನ ಮುಂದೆ ನೆಲದ ಮೇಲೆ ಕೂತು ಕೈ ಹಿಡಿದಳು. "ಆಯಿ, ಇವನೇ ಓಸ್ತಾಪ್."

ಅವ್ವ ಅವನನ್ನು ದಾಟಿ, ಅವನ ಹಿಂದಿನ ಬಾಗಿಲ ಕಡೆ ನೋಡಿದಳು. ಬಿಳಿ ಟೋಪಿಯ ಓಸ್ತಪ್ಪ ಈಗ ಬಂದಾನು, ಆಗ ಬಂದಾನು ಎಂದು ಕಾದಳು. ಬರಲಿಲ್ಲ. ನಿಧಾನಕ್ಕೆ ಕಣ್ಣು ಊರುಗೋಲಿನ ಹುಡುಗನ ಮೇಲೆ ಬಂದು ನಿಂತಿತು.

"ಇಂವಾ?"

"ಹೌದು ಆಯಿ."

"ಹೊಳತಾವ ಮುಂಡರಗಿ ಕಡೆ ಅಲ್ಲ?"

"ಅಲ್ಲ."

"ನಾ ಊರ ಮಂದಿಗೆಲ್ಲಾ ಪೇಢೆ ತಿನಿಸಿ ಬಂದೀನಿ," ಎಂದಳು ಅವ್ವ. ಬೈಗುಳವಿಲ್ಲ, ಅಳುವಿಲ್ಲ. ಅದೇ ಹೆದರಿಕೆಯ ಸಂಗತಿ. ಸ್ಮಿತಾ ಕೈ ಬಿಡಲಿಲ್ಲ. ಓಸ್ತಾಪ್ ನಿಂತೇ ಇದ್ದ. ವನಜಾ ನನ್ನತ್ತ ನೋಡಿದಳು. ನನ್ನ ಕೇಸು ಕರೆದಿದ್ದರು.

ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. "ಅವ್ವ, ಅಂವನ ಹೆಸರು ನೀ ತಿಳಕೊಂಡಂಗ ಸಣ್ಣದಲ್ಲ. ಗ್ರೀಕರದು. ಅಲ್ಲಿಂದ ಚರ್ಚಿಗೆ ಬಂದು..."

"ಯಾರಿಟ್ರು?"

"ಅಜ್ಜನ ಹೆಸರಽ ಇಟ್ಟಾರ."

"ಹೂಂ. ನಮ್ಮಂಗಽ." ಎಂದಳು ಅವ್ವ. "ಅವರಪ್ಪ ಅವ್ವ ಎಲ್ಲೆದಾರು? ಲಗ್ನಕ್ಕ ಬರೂದಿಲ್ಲೇನು?"

ಹೇಳಿದೆ. ಅವ್ವ ಓಸ್ತಾಪನನ್ನು ಇನ್ನೊಮ್ಮೆ, ಈ ಸಲ ತುಸು ಹೆಚ್ಚು ಹೊತ್ತು ನೋಡಿದಳು. "ಮುಂದ ಹೇಳು. ಹಂಗಂದ್ರೇನು, ಆ ಹೆಸರು?"

"ನಿಂತಂವ ಅಂತ."

"ನಿಂತಂವ ಅಂದ್ರ? ಸಂತ್ಯಾಗ ನಿಂತಂವನೋ, ಬಾಕಿ ವಸೂಲಿಗೆ ಬಂದು ನಿಂತಂವನೋ?"

"ಅಲ್ಲವ್ವ, ಗಟ್ಟಿ ನಿಂತಂವ. ಗಾಳಿ ಬರಲಿ, ನೀರು ಬರಲಿ, ಅಳ್ಳಾಡಲಾರದಂವ. ಈಗ ನೋಡು, ಕಲ್ಲು ನಿಂತಿರತೈತಲ್ಲ, ಅದರಂಗ. ಕನ್ನಡದಾಗ ಹೇಳಬೇಕಂದ್ರ, ಕಲ್ಲಪ್ಪ!"

ಮಾತಿನ ಭರದಲ್ಲಿ ಬಂದುಬಿಟ್ಟಿತು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವ್ವನ ಕೈ ತಟಕ್ಕನೆ ಸೆರಗಿಗೆ ಹೋಯಿತು. ತಲೆಯ ಮೇಲೆ ಎಳೆದುಕೊಂಡು ಮುಖ ತಗ್ಗಿಸಿದಳು.

ನನ್ನ ಅಪ್ಪನ ಹೆಸರು ಕಲ್ಲಪ್ಪ. ನಮ್ಮ ಕಡೆಯ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಇದು ನಿಮಗೆ ಗೊತ್ತಿರಬಹುದು. ಆದರೆ ಅವ್ವ ಅಷ್ಟಕ್ಕೆ ನಿಂತವಳಲ್ಲ. ಮದುವೆಯಾದ ದಿನದಿಂದ ಕಲ್ಲು ಎಂಬ ಮಾತನ್ನೇ ನಾಲಿಗೆಗೆ ತಂದವಳಲ್ಲ. ಕಲ್ಲಂಗಡಿ ಅವಳಿಗೆ ನೀರುಹಣ್ಣು. ಬೀಸುಕಲ್ಲು ಬರೀ ಬೀಸೋದು. ಅನ್ನದಲ್ಲಿ ಕಲ್ಲು ಸಿಕ್ಕರೆ 'ಏನೋ ಬಿರುಸಂದು ಸಿಕ್ತು' ಎಂದು ಉಗುಳುತ್ತಿದ್ದಳು. ಒಮ್ಮೆ ಅವಳಿಗೆ ಮೂತ್ರಪಿಂಡದಲ್ಲಿ ಕಲ್ಲಾಯಿತು. ಏನು ತೊಂದರೆ ಎಂದು ಹೊಸ ಡಾಕ್ಟರು ಕೇಳಿದರೆ ಅವ್ವ ಸೆರಗು ಹೊದ್ದು, "ಕಿಡ್ನ್ಯಾಗ ನಮ್ಮ ಮನಿಯವರು ಕುಂತಾರ್ರೀ" ಎಂದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಪ್ಪ ಆ ಮಾತನ್ನು ಸಾಯುವ ತನಕ ಹೇಳಿಕೊಂಡು ನಗುತ್ತಿದ್ದ. ಅಪ್ಪ ಹೋದ. ಅವ್ವನ ನೇಮ ಹೋಗಲಿಲ್ಲ.

ಆ ಸಂಜೆ ಅವ್ವ ಯಾರೊಂದಿಗೂ ಮಾತಾಡಲಿಲ್ಲ. ಸ್ಮಿತಾ ಬೆಸ್ಟ್‌ಗೆ ಹೋಗದೆ ಅವಳ ಪಕ್ಕದಲ್ಲೇ ಚಾಪೆ ಹಾಸಿದಳು. ಓಸ್ತಾಪ್ ಸೋಫಾದ ಮೇಲೆ ಕಾಲು ಎತ್ತರಿಸಿಟ್ಟು ಮಲಗಿದ. ಕೇಸು ಸೋತೆನೋ ಗೆದ್ದೆನೋ ನನಗೆ ತಿಳಿಯಲಿಲ್ಲ.

ಬೆಳಿಗ್ಗೆ ಅವ್ವ ಅಣ್ಣನಿಗೆ ಫೋನು ಹಚ್ಚಿಸಿಕೊಂಡಳು. ಅವಳ ಫೋನಿನ ಮಾತು ಬೀದಿಗೆಲ್ಲ ಕೇಳುತ್ತದೆ; ಕದ್ದು ಕೇಳಿದ ಆರೋಪ ನನ್ನ ಮೇಲೆ ಬರಲಾರದು. "ಹೂಂ, ನೋಡಿದೆ. ಹುಡುಗ ನಮ್ಮಾಂವ ಅಲ್ಲ, ದೂರದಂವ. ಕಾಲು ಮುರಕೊಂಡಾನ, ಆದ್ರೂ ಹಿರೇರ ಮುಂದ ಕುಂದ್ರೂದಿಲ್ಲ. ಅವರಪ್ಪ ಅವ್ವ ಬರಾಂಗಿಲ್ಲ. ಎರಡೂ ಕಡಿ ಅಕ್ಕಿಕಾಳು ನಾನಽ ಹಾಕತೀನಿ. ಏನು? ಹೆಸರಾ?" ಇಲ್ಲಿ ದನಿ ಇಳಿಯಿತು. "ಹೆಸರು ನಾ ಹೆಂಗ ಹೇಳ್ಲ್ಯೋ ಮಬ್ಬ? ನಿಮ್ಮಪ್ಪನ ಹೆಸರಽ ಐತಿ."

ಅರ್ಧ ಗಂಟೆಯಲ್ಲಿ ಅಣ್ಣ ನನಗೆ ಫೋನು ಮಾಡಿದ. "ನೀಲ್ಯಾ, ಆ ಹುಡುಗ ಕಲ್ಲಪ್ಪ ಅಂತ ಯಾವಾಗ ಹೆಸರು ಬದ್ಲಿ ಮಾಡಿದ? ನೀನಽ ಮಾಡಿಸಿದೇನು?"

ಸ್ಮಿತಾ ಅಡುಗೆಮನೆಯಲ್ಲಿ ಅವ್ವನ ಕೊರಳಿಗೆ ಬಿದ್ದು ಅತ್ತಳು. ವನಜಾ ಇಬ್ಬರಿಗೂ ಬೈಯುತ್ತ ತಾನೂ ಅತ್ತಳು. ಗಂಡಸರಾದ ನಾವು ಹೊರಗಿನ ಕೋಣೆಯಲ್ಲಿ ಗಂಡಸರಂತೆ ಕೂತಿದ್ದೆವು. ಓಸ್ತಾಪ್ ನನ್ನ ಕಡೆ ಬಾಗಿ ಕೇಳಿದ: "ಅಜ್ಜಿ ನಿನ್ನೆಯಿಂದ ಒಮ್ಮೆಯೂ ನನ್ನ ಹೆಸರು ಹೇಳಲಿಲ್ಲ. ಅಷ್ಟು ಕಷ್ಟವೇ ಅದು?"

ನಾನು ಎಲ್ಲವನ್ನೂ ವಿವರಿಸಿದೆ. ಸೆರಗು, ನೀರುಹಣ್ಣು, ಕಿಡ್ನಿಯಲ್ಲಿ ಕುಂತ ಅಪ್ಪ. ಅವನು ಕೇಳಿದ: "ಅಂದರೆ ಇನ್ನು ಮುಂದೆ ಅವರು ನನ್ನ ಹೆಸರು ಹಿಡಿದು ಕರೆಯುವುದೇ ಇಲ್ಲವೇ?"

"ಇಲ್ಲ," ಎಂದೆ. "ಅವಳು ಕೊಡುವ ಮರ್ಯಾದೆಯಲ್ಲಿ ಅದಕ್ಕಿಂತ ದೊಡ್ಡದಿಲ್ಲ."

"ಮತ್ತೆ ಕರೆಯಬೇಕಾದರೆ?"

ನಾನು ಬಾಯಿ ತೆರೆಯುವುದರೊಳಗೆ ಅಡುಗೆಮನೆಯಿಂದ ದನಿ ಬಂತು. ಗದುಗಿನ ಮನೆಯಲ್ಲಿ ದಿನವೂ ಪಡಸಾಲೆಗೆ ಹೋಗುತ್ತಿದ್ದ ದನಿ ಅದು. ಅಪ್ಪ ಹೋದ ಮೇಲೆ ನಾನದನ್ನು ಕೇಳಿರಲಿಲ್ಲ.

"ಏನ್ರೀ... ಚಾ ಆರಾಕತ್ತೈತಿ. ಬರ್ರಿ."

ಓಸ್ತಾಪನಿಗೆ ಅದರಲ್ಲಿ ಒಂದು ಅಕ್ಷರವೂ ತಿಳಿಯುವಂತಿರಲಿಲ್ಲ. ಊರುಗೋಲು ತೆಗೆದುಕೊಂಡ, ಎದ್ದು ಒಳಗೆ ಹೋದ.